ಸಗಿನ್‌ಬೆಕ್ ಬರೆಸಿದ ಕಾಗದ

"ಸಾಯೋ ಮಾತನ್ನ ಸಾಯೋರ ಎದುರಿಗೇ ಆಡ್ತಾರೇನೇ?" ಎಂದು ಮನೆಗೆ ಬಂದಿದ್ದ ನರ್ಸನ್ನು ಗದರಿದ ಬುರುಲ್ ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಮೂರು ವರ್ಷದಿಂದ ಗಂಡನಿಗೆ, ಹಿಮ ಕರಗಲಿ, ಎಲ್ಲ ಸರಿಹೋಗುತ್ತೆ ಎಂದೇ ಹೇಳುತ್ತ ಬಂದಿದ್ದಳು.

ದಿಂಬಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದ ಸಗಿನ್‌ಬೆಕ್ ನಕ್ಕ. ನಗು ಕೆಮ್ಮಾಯಿತು. "ಬಾಯ್ತಪ್ಪಿ... ನಿಜ ಬಂತು ನೋಡು." ಇಪ್ಪತ್ತಾರು ವರ್ಷ ಕಲ್ಲಿದ್ದಲು ಕಡಿದ ಮನುಷ್ಯ. ಈ ಎತ್ತರದ ತೆಳುಗಾಳಿಯಲ್ಲಿ ಈಗ ಅವನಿಗೆ ಆಮ್ಲಜನಕದ ಯಂತ್ರವೇ ಗತಿ. ಕರೆಂಟು ಹೋದರೆ ಅದೂ ಇಲ್ಲ.

ನರ್ಸ್ ಕನಿಶಾಯ್ ಮೆಲ್ಲನೆ ಕೇಳಿದಳು: "ಉಸಿರು ತೀರಾ ಕಟ್ಟಿದಾಗ ಪಟ್ಟಣದ ಆಸ್ಪತ್ರೆಗೆ ಒಯ್ಯಬೇಕಾ ಅಪ್ಪಾ? ಗಂಟಲಿಗೆ ಕೊಳವೆ ಹಾಕ್ತಾರೆ. ಹಾಕಿದ್ಮೇಲೆ ತೆಗೆಯೋದು ಕಷ್ಟ."

"ಬೇಡ. ಇಲ್ಲೇ... ಇವಳ ಬೈಗುಳ ಕೇಳ್ತಾ."

"ಬೈಸಿಕೊಳ್ಳೋಕೇ ಹುಟ್ಟಿದ ಮನುಷ್ಯ," ಎಂದು ಬುರುಲ್ ಗೋಡೆಯತ್ತ ತಿರುಗಿದಳು.

ಕೊಳವೆ ಬೇಡ, ಮನೆಯಲ್ಲೇ ಇರುತ್ತೇನೆ ಎಂದು ಕನಿಶಾಯ್ ಕೈಲಿ ಬರೆಸಿದ ಕಾಗದಕ್ಕೆ ಅವನು ಸಹಿ ಹಾಕಿದ. ಆಮೇಲೆ ಅವಳೂ ಹಾಕಿದಳು. "ಸಂಕಟ ಇಳಿಸೋ ಮಾರ್ಫಿನ್ ತಂದುಕೊಡ್ತೀನಿ. ಒದ್ದಾಡೋಕೆ ಬಿಡಲ್ಲ," ಎಂದಳು ಕನಿಶಾಯ್.

ಆ ಮಾತು ಅವಳ ಕೈಯಲ್ಲಿರಲಿಲ್ಲ. ಮಾರ್ಫಿನ್ ಕ್ಯಾನ್ಸರಿನವರಿಗೆ ಮಾತ್ರ, ಶ್ವಾಸಕೋಶದವರಿಗೆ ಬೇಕಾದರೆ ದೊಡ್ಡ ಡಾಕ್ಟರ ಸಹಿ ತನ್ನಿ ಎಂದರು ಆಸ್ಪತ್ರೆಯ ಔಷಧಿ ವಿಭಾಗದವರು. ನಾಲ್ಕು ಸಲ ಹೋದಳು. ನಾಲ್ಕು ಸಲವೂ ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ.

ಸಹಿ ಹಾಕಿದ ಹನ್ನೆರಡನೆಯ ದಿನ ಮಧ್ಯಾಹ್ನ ಸಗಿನ್‌ಬೆಕ್‌ನ ತುಟಿ ನೀಲಿಯಾಯಿತು. ಹಾಸಿಗೆಯ ಅಂಚು ಹಿಡಿದು ಎಳೆದೆಳೆದು ಉಸಿರಾಡಿದ. ಕುತ್ತಿಗೆಯ ನರಗಳು ಹಗ್ಗವಾದವು. ಬುರುಲ್ ಕಿಟಕಿ ತೆಗೆದಳು, ಬೀಸಿದಳು, ಅವನು ಕೇಳಿದಂತೆ ಬೈದಳು. ಬೈಯುತ್ತ ಬೈಯುತ್ತ ಅವಳ ದನಿಯೇ ಹೋಯಿತು. ಅವನ ಕಣ್ಣು ಅವಳಲ್ಲಿ ಏನನ್ನೋ ಬೇಡುತ್ತಿತ್ತು. ಏನೆಂದು ಅವಳಿಗೆ ತಿಳಿಯಲಿಲ್ಲ. ಒಂದು ಗಂಟೆ ಕಳೆದ ಮೇಲೆ ಫೋನ್ ಎತ್ತಿಕೊಂಡಳು. ಆಂಬುಲೆನ್ಸಿನವರು ಕಾಗದ ಕೇಳಲಿಲ್ಲ. ಅವಳೂ ತೋರಿಸಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಕಾಗದವನ್ನು ಎರಡು ಸಲ ಓದಿ ಕನಿಶಾಯ್‌ಗೆ ಮರಳಿಸಿದರು. "ನಿನ್ನೆ ಕೊಟ್ಟಿದ್ರೆ ಆಗ್ತಿತ್ತು. ಈಗ ಕೊಳವೆ ತೆಗೆದ್ರೆ ಕೊಲೆ ಅಂತಾರೆ."

"ಅವರ ಕೈ ಯಾಕೆ ಕಟ್ಟಿದೀರಿ?"

"ಕಿತ್ಕೊಳ್ಳೋಕೆ ನೋಡ್ತಾರೆ."

ಸಗಿನ್‌ಬೆಕ್ ಹಾಗೆಯೇ ಹತ್ತೊಂಬತ್ತು ದಿನ ಇದ್ದು ಸತ್ತ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಬುರುಲ್ ಬೆಳಗಿನ ಬಸ್ಸಿಗೆ ಬಂದು ಸಂಜೆಯವರೆಗೆ ಆಸ್ಪತ್ರೆಯ ಅಂಗಳದ ಹಿಮದಲ್ಲಿ ನಿಲ್ಲುತ್ತಿದ್ದಳು. ಆ ದಿನಗಳಲ್ಲೊಮ್ಮೆ ಕನಿಶಾಯ್ ಬಂದು ಪಕ್ಕದಲ್ಲಿ ನಿಂತಳು.

"ನಾನೇ ಕರೆದೆ ಮಗಳೇ. ಒಂದು ಗಂಟೆ ತಡಕೊಂಡೆ. ಆಮೇಲೆ ನನ್ನ ಕೈಲಾಗ್ಲಿಲ್ಲ."

"ನಾನೂ ಔಷಧಿ ತರಲಿಲ್ಲ ಅಮ್ಮಾ."

ಆಮೇಲೆ ಬುರುಲ್ ತಲೆವಸ್ತ್ರ ಬಿಚ್ಚಿ, ಮೂರನೆಯ ಮಹಡಿಯ ಕೊನೆಯ ಕಿಟಕಿಯತ್ತ ಬೀಸತೊಡಗಿದಳು. "ಅಲ್ಲೇ ಮಲಗಿಸಿರೋದು. ಕಾಣುತ್ತೆ ಅವರಿಗೆ."

ಅದು ಬಟ್ಟೆ ಒಗೆಯುವ ಕೋಣೆ ಎಂದು ಕನಿಶಾಯ್‌ಗೆ ಗೊತ್ತಿತ್ತು. ರೋಗಿಗಳಿದ್ದದ್ದು ಕಟ್ಟಡದ ಆಚೆ ಬದಿಯಲ್ಲಿ. ಕನಿಶಾಯ್ ಕೈಗವಸು ತೆಗೆದು ತಾನೂ ಕೈ ಎತ್ತಿದಳು.