ಸಪ್ಪೆ ಪಾಲು

ನಮ್ಮ ಮನೆಯಲ್ಲಿ ಸಪ್ಪೆ ಎಂದರೆ ಉಪ್ಪು, ಖಾರ ಹಾಕದ್ದು. ಆ ಪದಕ್ಕೆ ಅದರಾಚೆ ಏನಾದರೂ ಅರ್ಥ ಇರಬಹುದೆಂದು ಯಾರೂ ತಲೆ ಕೆಡಿಸಿಕೊಂಡವರಲ್ಲ. ಲಸಿಕೆ ಹಾಕಿಸಲು ಹೋದಾಗ ಡಾಕ್ಟರು "ನಾಯಿಗೆ ಸಪ್ಪೆ ಊಟ ಹಾಕಿ" ಎಂದಿದ್ದರು. ಅಪ್ಪ ಆ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ.

ನಾಯಿಯ ಹೆಸರು ಜಂಬ. ಬೀದಿಯಲ್ಲಿ ಸಿಕ್ಕ ಮರಿ, ನಡೆಯುವ ಗತ್ತು ಮಾತ್ರ ಮನೆ ಯಜಮಾನನದು. ಅಮ್ಮ ಹೋದ ಮೇಲೆ ಅಪ್ಪನ ಮಾತು ನಿಂತೇ ಹೋಗಿತ್ತು. ಆಯುಷ್ಯವಿಡೀ ಲಿಫ್ಟ್ ರಿಪೇರಿ ಮಾಡಿ ಊರಿನವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿದವನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕೆಳಗಿನ ಅಂಗಡಿಯಲ್ಲಿ ಸೋಫಾಗಳಿಗೆ ಬಟ್ಟೆ ಹೊಲಿದು ಸುಸ್ತಾಗಿ ಬಂದು ನಾನು ಮಾತಾಡಿಸಿದರೆ ಒಂದು "ಹೂಂ", ಮುಗಿಯಿತು. ಜಂಬ ಬಂದ ಮೇಲೆ ಮಾತು ಬಂತು. ನನ್ನ ಜೊತೆಗಲ್ಲ, ಅದರ ಜೊತೆ. "ಏನ್ ಸ್ವಾಮಿ, ಇವತ್ತು ಬಿಸಿಲು ಜಾಸ್ತಿ ಅಂತೀರಾ?" ಎಂದು ಅಪ್ಪ ಕೇಳುವುದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೂ ಆ ದನಿ ಮತ್ತೆ ನಿಲ್ಲಬಾರದು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ನನ್ನ ತಮ್ಮ ಬಸ್ ಡ್ರೈವರು. ಒಂದು ರಜೆಯ ದಿನ ಟೆರೇಸಿನ ಮೇಲೆ ಇದ್ದಿಲ ಒಲೆ ಹಚ್ಚಿ ಮಾಂಸ ಸುಡೋಣ ಎಂದ. ಮಾಂಸ ನೆನೆಸಲು ನಾನು ರಾಶಿ ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ ಕಲಸಿದೆ. ಉಪ್ಪು, ಖಾರ ಬೆರೆಸುವ ಮೊದಲೇ ಅಪ್ಪ ಅಡ್ಡ ಬಂದು ಒಂದು ಬಟ್ಟಲು ತೆಗೆದಿಟ್ಟ.

"ಇದು ಜಂಬಂದು. ಸಪ್ಪೆ ಪಾಲು."

ತಮ್ಮ ಸಾಸ್‌ನಲ್ಲಿ ಅದ್ದಿದ ತುಂಡೊಂದನ್ನು ಎಸೆಯಲು ಹೋದರೆ ಅಪ್ಪ ಅವನ ಕೈ ಹಿಡಿದ. "ಅದರ ಹೊಟ್ಟೆ ಏನು ನಿನ್ನ ಬಸ್ಸಿನ ಟ್ಯಾಂಕಾ, ಸಿಕ್ಕಿದ್ದೆಲ್ಲ ಸುರಿಯೋಕೆ?" ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಜಂಬ ತನ್ನ ಬಟ್ಟಲನ್ನು ನೆಕ್ಕಿ ನೆಕ್ಕಿ ಗೋಡೆಯವರೆಗೂ ತಳ್ಳಿಕೊಂಡು ಹೋಯಿತು. ಅಪ್ಪನ ಮುಖ ಅರಳಿತು. ಎಂದೂ ಅಡುಗೆಮನೆಗೆ ಕಾಲಿಡದವನು ಮರುದಿನದಿಂದ ತಾನೇ ಈರುಳ್ಳಿ ಸುಲಿದು, ಕಣ್ಣೊರೆಸಿಕೊಳ್ಳುತ್ತಾ ಹಾಗೇ ಮಾಂಸದ ಸಪ್ಪೆ ಸಾರು ಮಾಡಿ ಹಾಕತೊಡಗಿದ.

ಕೆಲವು ದಿನಗಳಲ್ಲಿ ಜಂಬ ಮಂಕಾಯಿತು. "ಶಕ್ತಿ ಸಾಲ್ತಿಲ್ಲ ಅದಕ್ಕೆ," ಎಂದು ಅಪ್ಪ ಇನ್ನೂ ಎರಡು ಸೌಟು ಹೆಚ್ಚು ಬಡಿಸಿದ. ಅದು ಸೊರಗಿದಷ್ಟೂ ಇವನು ಬಡಿಸಿದ. ಕೊನೆಗೆ ಮೆಟ್ಟಿಲು ಹತ್ತುತ್ತಲೇ ಕುಸಿದು ಬಿತ್ತು. ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತು. ಆ ಉಚ್ಚೆ ಹಾಲಿಲ್ಲದ ಟೀಯಂತೆ ಕಪ್ಪಗಿತ್ತು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಅದರ ತುಟಿ ಎತ್ತಿ ನೋಡಿದರು. ಒಸಡು ಸುಣ್ಣದಂತೆ ಬಿಳಿಚಿತ್ತು. ಅಪ್ಪನನ್ನೂ ತಮ್ಮನನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗಿದ್ದೆ.

"ಏನ್ ತಿಂದಿದೆ? ಚಾಕೊಲೇಟು? ದ್ರಾಕ್ಷಿ? ಬೇಯಿಸಿದ ಮೂಳೆ? ಸಾಸು?"

"ಏನೂ ಇಲ್ಲ ಡಾಕ್ಟ್ರೇ. ಒಂದು ಹನಿ ಸಾಸೂ ಮುಟ್ಟಿಸಿಲ್ಲ. ಬರೀ ಸಪ್ಪೆ," ಎಂದೆ. ಹೆಮ್ಮೆಯಿಂದಲೇ ಹೇಳಿದೆ.

"ಸಪ್ಪೆ ಅಂದ್ರೆ?"

ಹೇಳಿದೆ. ಅವರ ಕೈ ನಿಂತಿತು.

"ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ ಕಣಮ್ಮಾ. ಹಸಿಯದ್ದಾಗಲಿ, ಬೇಯಿಸಿದ್ದಾಗಲಿ. ಒಳಗೊಳಗೇ ರಕ್ತ ಒಡೆದುಹಾಕತ್ತೆ. ದಿನಾ ಹಾಕ್ತಿದ್ರಾ?"

ಬೇರೆ ನಾಯಿಯ ರಕ್ತ ಕೊಟ್ಟು ನೋಡುತ್ತೇವೆ, ಭರವಸೆ ಕೊಡುವುದಿಲ್ಲ ಎಂದರು. ಬಾಗಿಲು ತೆರೆದರೆ ಎದುರಿಗೇ ಅಪ್ಪ.

"ಏನ್ ತಿಂದು ಹಿಂಗಾಯ್ತಂತೆ?"

"ಖಾರ," ಎಂದುಬಿಟ್ಟೆ. "ಅವತ್ತು ಟೆರೇಸ್ ಮೇಲೆ ಯಾರೋ ಖಾರದ ತುಂಡು ಹಾಕಿರಬೇಕಂತೆ."

ಅಪ್ಪ ತಮ್ಮನ ಕಡೆ ತಿರುಗಿದ. ತಮ್ಮ ನನ್ನ ಮುಖ ನೋಡಿದ. ಏನು ಅರ್ಥವಾಯಿತೋ, ತಲೆ ತಗ್ಗಿಸಿ, "ಹೂಂ ಅಪ್ಪಾ, ನಾನೇ ಹಾಕಿದ್ದು," ಎಂದ. "ನನ್ನ ಕಣ್ಣೆದುರು ನಿಲ್ಲಬೇಡ," ಎಂದ ಅಪ್ಪ. ಬಸ್ಸಿನಲ್ಲಿ ಯಾರು ಕೆಣಕಿದರೂ ಸುಮ್ಮನೆ ಬಿಡದ ನನ್ನ ತಮ್ಮ ಎದ್ದು ಹೋದ.

ರಕ್ತ ಕೊಟ್ಟ ಮೇಲೆ ಜಂಬ ಉಳಿಯಿತು. ಉಳಿಯಿತು ಎಂದರೆ ಉಸಿರಾಡುತ್ತಿತ್ತು, ಅಷ್ಟೇ. ಕ್ಲಿನಿಕ್ಕಿನಲ್ಲಿ ಯಾರು ಕೊಟ್ಟರೂ ಬಾಯಿ ತೆರೆಯಲಿಲ್ಲ. "ಮನೇಲಿ ಯಾರ ಕೈಯಿಂದ ತಿನ್ನತ್ತೋ ಅವರೇ ತಿನ್ನಿಸಲಿ. ಇವತ್ತು ಏನೂ ಹೊಟ್ಟೆಗೆ ಹೋಗದಿದ್ರೆ ಕಷ್ಟ. ಈರುಳ್ಳಿ ಇನ್ನೊಂದು ತುಣುಕು ಹೋದ್ರೂ ಕಷ್ಟ," ಎಂದರು ಡಾಕ್ಟರು.

ಅದನ್ನು ಎತ್ತಿಕೊಂಡು ಮನೆ ಬಾಗಿಲಿಗೆ ಬಂದರೆ ಮೂಗಿಗೆ ಬಡಿದದ್ದು ಬೇಯುತ್ತಿರುವ ಈರುಳ್ಳಿಯ ವಾಸನೆ. ನನಗಿಂತ ಮೊದಲೇ ಮನೆಗೆ ಬಂದಿದ್ದ ಅಪ್ಪ ಒಲೆಯ ಮುಂದೆ ನಿಂತಿದ್ದ.

"ಬಂದ್ರಾ ಸ್ವಾಮಿ? ನಿಮ್ಮ ಸಪ್ಪೆ ರೆಡಿ."

ಮುಚ್ಚಿಟ್ಟರೆ ನಾಯಿ ಹೋಗುತ್ತದೆ, ಹೇಳಿದರೆ ಅಪ್ಪ ಹೋಗುತ್ತಾನೆ. ದೇವರೇ, ಇದೆಂಥ ಇಕ್ಕಟ್ಟು ತಂದಿಟ್ಟೆ! ಈರುಳ್ಳಿ ಮುಗಿದಿದೆ ಅನ್ನಲೇ, ಪಾತ್ರೆ ಜಾರಿಸಿ ಬೀಳಿಸಲೇ? ಇವತ್ತು ಬೀಳಿಸಿದರೆ ನಾಳೆ ಮತ್ತೆ ಮಾಡುತ್ತಾನೆ. ಒಲೆ ಆರಿಸಿದೆ.

"ಅಪ್ಪಾ, ಖಾರ ಅಲ್ಲ. ತಮ್ಮ ಏನೂ ಹಾಕಿಲ್ಲ. ಈರುಳ್ಳಿನೇ ಅಪ್ಪಾ. ಅದೇ ಆಗಲ್ವಂತೆ ನಾಯಿಗೆ. ನನಗೂ ಗೊತ್ತಿರಲಿಲ್ಲ, ರುಬ್ಬಿದ್ದು ನಾನೇ ಅಲ್ವಾ..."

ಅಪ್ಪ ಸೌಟು ಕೆಳಗಿಟ್ಟ. ಪಾತ್ರೆಯನ್ನು ನೋಡಿದ, ಜಂಬನನ್ನು ನೋಡಿದ. ಹೋಗಿ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡ.

ಬರೀ ನೀರಿನಲ್ಲಿ ಅನ್ನ, ಕೋಳಿಯ ಎದೆ ಮಾಂಸ ಬೇಯಿಸಿ ಹಿಸುಕಿ ತಂದೆ. ನಾನು ಕೊಟ್ಟರೆ ಜಂಬ ಮುಖ ತಿರುಗಿಸಿತು. ತೆವಳಿಕೊಂಡು ಹೋಗಿ ಅಪ್ಪನ ಪಾದದ ಮೇಲೆ ಗದ್ದವಿಟ್ಟು ಮೇಲೆ ನೋಡಿತು. ಅಪ್ಪ ಕೈ ತೆಗೆಯಲಿಲ್ಲ.

"ಅಪ್ಪಾ, ಒಂದೇ ಒಂದು ತುತ್ತು. ನಿನ್ನ ಕಾಲು ಹಿಡೀತೀನಿ."

"ಹೂಂ," ಎಂದ ಅಪ್ಪ. ಅಮ್ಮ ಹೋದಾಗಿನ ಅದೇ "ಹೂಂ". ನನಗೆ ಸಿಟ್ಟು ನೆತ್ತಿಗೇರಿತು. "ವಿಷ ಹಾಕಿದ್ದು ಸಾಲದಾ? ಈಗ ಉಪವಾಸನೂ ಕೆಡವ್ತೀಯಾ?" ಎಂದು ಕಿರುಚಿದೆ. ಕಿರುಚಿ ನಾನೇ ಅತ್ತೆ.

ಅಪ್ಪ ಎದ್ದು ಹೋಗಿ ಕೈ ತೊಳೆದ. ಸೋಪು ಹಚ್ಚಿ ತೊಳೆದ, ಮತ್ತೆ ಹಚ್ಚಿ ತೊಳೆದ, ಮೂಸಿ ನೋಡಿ ಮತ್ತೆ ತೊಳೆದ. ನೆಲದ ಮೇಲೆ ಕೂತು ಬೆರಳುಗಳಲ್ಲಿ ಒಂದು ತುತ್ತು ಹಿಡಿದ.

ಜಂಬ ಮೂಸಿ ಕೂಡ ನೋಡಲಿಲ್ಲ. ಕಣ್ಣು ಮುಚ್ಚಿ ಬಾಯಿ ತೆರೆಯಿತು.

"ಹಂಗೆಲ್ಲ ನಂಬಬಾರದು ಕಣೋ ನನ್ನನ್ನ," ಎಂದ ಅಪ್ಪ, ಇನ್ನೊಂದು ತುತ್ತು ಕಲಸುತ್ತಾ.