ಒಂದೇ ಕೈಯ ಎರಡು ಸಹಿ

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಐಸಪ್ಪ ಎಂದೇ ಕರೆಯುತ್ತಿದ್ದರು. ಜ್ವರದ ರೋಗಿಗಳಿಂದ ತೆಗೆದ ರಕ್ತ, ಕಫ, ಮಾಂಸದ ಚೂರುಗಳನ್ನು ಕಾಯ್ದಿಡುವ ಆರು ಫ್ರೀಜರುಗಳ ಬೀಗದ ಕೈ ಹದಿನಾಲ್ಕು ವರ್ಷಗಳಿಂದ ಅವನ ಸೊಂಟದಲ್ಲೇ ಇತ್ತು. ಯಾವ ಶೀಶೆ ಎಲ್ಲಿದೆ ಎಂದು ಕೇಳಿದರೆ ಕಂಪ್ಯೂಟರಿಗಿಂತ ಮೊದಲು ಅವನು ಹೇಳುತ್ತಿದ್ದ. ಹೆಂಡತಿ ತರಲು ಹೇಳಿದ ಮೂರು ಸಾಮಾನಿನಲ್ಲಿ ಎರಡನ್ನು ಮರೆತು ಬರುವ ಆಸಾಮಿಗೆ ಇದೆಲ್ಲ ಹೇಗೆ ನೆನಪಿರುತ್ತಿತ್ತೋ, ದೇವರೇ ಬಲ್ಲ.

ಮೂರನೆಯ ಫ್ರೀಜರಿನ ಕೆಳಗಿನ ಅರೆಯಲ್ಲಿ ಹದಿನೇಳನೇ ನಂಬರಿನ ಶೀಶೆಗಳಿದ್ದವು. ಅವನ್ನು ಮಾತ್ರ ಅವನು ಸರಿಯಾಗಿ ನೋಡದೆ ತೆಗೆಯುತ್ತಿದ್ದ, ನೋಡದೆ ಇಡುತ್ತಿದ್ದ. ಅವುಗಳಲ್ಲಿದ್ದದ್ದು ಅವನ ಭಾವನ ಶ್ವಾಸಕೋಶದ ಚೂರು.

ಈ ವರ್ಷ ಹೊಸ ನಿಯಮ ಬಂತು. ಹಳೆಯ ಮಾದರಿಗಳಿಗೆಲ್ಲ ಒಪ್ಪಿಗೆ ಪತ್ರ ಸರಿಯಾಗಿದೆಯೇ ಎಂದು ನೀತಿ ಸಮಿತಿ ನೋಡಬೇಕು. ಇಲ್ಲದಿದ್ದರೆ ಮನೆಯವರನ್ನು ಹುಡುಕಿ ಕೇಳಬೇಕು. ಅವರು ಒಲ್ಲೆ ಎಂದರೆ ಮಾದರಿಯನ್ನು ಉಗಿಯಲ್ಲಿ ಬೇಯಿಸಿ ನಾಶ ಮಾಡಬೇಕು. ಸಮಿತಿಯಲ್ಲಿ ಡಾಕ್ಟರಲ್ಲದವರು ಒಬ್ಬರಾದರೂ ಇರಲಿ ಎಂದು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರನ್ನು ಹಾಕಿದ್ದರು. ಉಳಿದವರು ಕಾಫಿ ಕುಡಿದು ಕಾಗದ ತಿರುವಿ ಹಾಕುವ ಪೈಕಿ. ಈಕೆಯಾದರೋ ಮೂವತ್ತು ವರ್ಷ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದವರು. ಹದಿನೇಳನೇ ನಂಬರಿನ ಕಾಗದ ಕೈಗೆ ಬಂದಾಗ ಐಸಪ್ಪನನ್ನು ಕರೆಸಿದರು.

“ಇಲ್ನೋಡಿ. ಮಾದರಿ ತೆಗೆದವರ ಸಹಿ ಇಲ್ಲಿ. ಸಂಬಂಧಿಕರ ಸಹಿ ಇಲ್ಲಿ. ಎರಡರ ಬಾಲಾನೂ ಒಂದೇ ಕಡೆ ತಿರುಗಿದೆಯಲ್ಲ?”

“ಎರಡೂ ನಂದೇ ಮೇಡಂ. ತೆಗೆದೋನೂ ನಾನೇ, ಸಂಬಂಧಿಕನೂ ನಾನೇ.”

“ಚೆನ್ನಾಗಿದೆ. ಪರೀಕ್ಷೆ ಬರೆದೋರೂ ನೀವೇ, ಮಾರ್ಕ್ಸ್ ಹಾಕಿದೋರೂ ನೀವೇ. ತೀರಿಕೊಂಡವರಿಗೆ ಹೆಂಡತಿ ಇರಲಿಲ್ವಾ?”

“ಇದಾಳೆ. ನಮ್ಮಕ್ಕ.”

“ಅವರಿಗೆ ಗೊತ್ತಾ?”

ಐಸಪ್ಪ ನೆಲ ನೋಡಿದ. ಹೆಡ್‌ಮಿಸ್ಟ್ರೆಸ್ ಕಾಗದದ ಮೇಲೆ ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕಿದರು.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಆ ಜ್ವರಕ್ಕೆ ಹೆಸರೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಭಾವ ಒಂದು ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಹೋದರು. ವಾರ್ಡಿನೊಳಕ್ಕೆ ಮನೆಯವರನ್ನು ಬಿಡುತ್ತಿರಲಿಲ್ಲ; ಕೆಲಸದವನೆಂಬ ಕಾರಣಕ್ಕೆ ಐಸಪ್ಪ ಒಬ್ಬನೇ ಒಳಗಿದ್ದ. ದೊಡ್ಡ ಡಾಕ್ಟರು ಓಡಿ ಬಂದರು. “ಅರ್ಧ ಗಂಟೆಯೊಳಗೆ ಸೂಜಿ ಹಾಕಿ ಶ್ವಾಸಕೋಶದ ಚೂರು ತೆಗಿ. ತಡವಾದ್ರೆ ಯಾವ ಉಪಯೋಗಕ್ಕೂ ಬರಲ್ಲ” ಎಂದರು. ಮನೆಯವರನ್ನು ಕೇಳಬೇಕಲ್ಲ ಸಾರ್ ಎಂದದ್ದಕ್ಕೆ, “ನೀನೇ ಮನೆಯವನಲ್ಲವೇನಯ್ಯ?” ಎಂದರು.

ಮಾತು ಸುಳ್ಳೇನಲ್ಲ. ಆದರೆ ಅಕ್ಕ ಗೇಟಿನಾಚೆ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಕಿಟಕಿಯಿಂದ ಕಾಣುತ್ತಿದ್ದಳು. ನಡೆದರೆ ಮೂವತ್ತು ಹೆಜ್ಜೆ. ಹೋದರೆ ಭಾವ ಇಲ್ಲ ಎಂದು ಹೇಳಬೇಕು, ಅದೇ ಉಸಿರಿನಲ್ಲಿ ಅವರ ಎದೆಗೆ ಸೂಜಿ ಹಾಕಲೇ ಎಂದು ಕೇಳಬೇಕು. ಅವನಿಗೆ ಅಷ್ಟು ಧೈರ್ಯ ಇರಲಿಲ್ಲ. ವಿಜ್ಞಾನಕ್ಕಾಗಿ ಹಾಗೆ ಮಾಡಿದೆ ಎಂದು ಆಮೇಲೆ ಅವನು ತನಗೆ ತಾನೇ ಸಾವಿರ ಸಲ ಹೇಳಿಕೊಂಡ. ನಿಜ ಹೇಳಬೇಕೆಂದರೆ ಮಾಡಿದ್ದು ಹೆದರಿಕೆಗೆ. ಎರಡು ಗೆರೆಯ ಮೇಲೂ ತಾನೇ ಸಹಿ ಹಾಕಿ ಸೂಜಿ ಕೈಗೆತ್ತಿಕೊಂಡ.

ಹೊರಗೆ ಬಂದಾಗ ಅಕ್ಕ ಅತ್ತು ಅತ್ತು ಕೊನೆಗೆ ಕೇಳಿದ್ದು ಒಂದೇ ಮಾತು. “ಅವರನ್ನ ಕುಯ್ಯಲಿಲ್ಲ ತಾನೆ?”

“ಇಲ್ಲಕ್ಕ. ಯಾರೂ ಮುಟ್ಟಿಲ್ಲ.”

ಆ ಒಂದು ಮಾತನ್ನು ಅಕ್ಕ ಹನ್ನೊಂದು ವರ್ಷ ಜೋಪಾನವಾಗಿ ಇಟ್ಟುಕೊಂಡಳು. ಬಂದವರಿಗೆಲ್ಲ ಹೇಳುತ್ತಿದ್ದಳು, “ಹೋದ್ರು ನಿಜ, ಆದ್ರೆ ಪೂರ್ತಿಯಾಗಿ ಮಣ್ಣಿಗೆ ಹೋದ್ರು. ನನ್ನ ತಮ್ಮ ಕಾವಲಿದ್ದ.” ಐಸಪ್ಪ ಎಷ್ಟೋ ಸಲ ಅಲ್ಲೇ ಪಕ್ಕದಲ್ಲಿ ಕೂತಿರುತ್ತಿದ್ದ.

ಭಾವ ಹೋದ ಮೇಲೆ ಅಕ್ಕನ ಮನೆಯ ಕಾಗದ ಪತ್ರವೆಲ್ಲ ಇವನ ಪಾಲಿಗೆ ಬಂತು. ಕಚೇರಿಯ ಅರ್ಜಿ, ಮಗಳ ಶಾಲೆಯ ಫಾರಂ, ಏನೇ ತಂದರೂ ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತದೆ “ಎಲ್ಲಿ ಹಾಕ್ಲಿ?” ಎನ್ನುವಳು. ಇವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಬೀಳುತ್ತಿತ್ತು. ಓದು ಬರುತ್ತಿದ್ದರೂ ಆ ಕಾಗದಗಳಲ್ಲಿ ಒಂದಕ್ಷರ ಓದಿದವಳಲ್ಲ.

ದೊಡ್ಡ ಡಾಕ್ಟರಿಗೆ ಇದೂ ಗೊತ್ತಿತ್ತು. ಕಾಗದಕ್ಕೆ ಕೆಂಪು ಸುತ್ತು ಬಿದ್ದ ಸುದ್ದಿ ಕೇಳಿ “ಮನೆ ವಿಷಯ, ಒಂದು ಸಹಿ ಹಾಕಿಸ್ಕೊಂಡು ಬಾರಯ್ಯ” ಎಂದರು. “ಹೊಸ ಪರೀಕ್ಷೆ ಯಾವುದೇ ಬರಲಿ, ಸರಿ ಇದೆಯೋ ಇಲ್ವೋ ಅಂತ ಹದಿನೇಳರ ಜೊತೆ ತಾನೆ ತಾಳೆ ನೋಡೋದು? ಅದನ್ನ ಬೇಯಿಸಿಬಿಟ್ರೆ ಎಲ್ಲಿಗೆ ಹೋಗೋಣ?”

ಭಾನುವಾರ ಬೆಳಿಗ್ಗೆ ಐಸಪ್ಪ ಅಕ್ಕನ ಮನೆಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋಗಿದ್ದ. ಅಕ್ಕ ಯಂತ್ರದ ಮುಂದೆ ಕೂತು ಯಾರದೋ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದಳು.

“ಬಾರೋ. ಏನು ಮುಖ ಹೀಗೆ ಬತ್ತಿ ಹೋಗಿದೆ? ಹೆಂಡ್ತಿ ಹತ್ರ ಉಗಿಸ್ಕೊಂಡ್ಯಾ?”

“ಒಂದು ಕಾಗದ ಇತ್ತಕ್ಕ. ಆಸ್ಪತ್ರೇದು. ಭಾವಂದು, ಹಳೇದು...”

“ಎಲ್ಲಿ ಹಾಕ್ಲಿ?”

ಜೋಡಿಸಿಕೊಂಡ ಮಾತೆಲ್ಲ ನಾಲಿಗೆಯ ತುದಿಯಲ್ಲೇ ನಿಂತಿತು. ಕೈ ಮಾತ್ರ ತನ್ನ ಹಳೆಯ ಕಸುಬು ಮಾಡಿತು: ಗೆರೆಯ ಮೇಲೆ ಬೆರಳು ಇಟ್ಟಿತು. ಅಕ್ಕ ಸಹಿ ಹಾಕಿ ಪೆನ್ನು ವಾಪಸು ಕೊಟ್ಟಳು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೊರಡುವಾಗ ಅವನ ಕೈಗೆ ಒಂದು ಪೊಟ್ಟಣ ಇಟ್ಟಳು. ಅವನಿಗಾಗಿ ಹೊಲಿದ ಅಂಗಿ.

“ಉಳಿದ ಚೂರು ಒಳಗಿದೆ. ಎಸೀಬೇಡ.”

ಅದು ಅಕ್ಕನ ಪದ್ಧತಿ. ಯಾರ ಬಟ್ಟೆ ಹೊಲಿದರೂ ಕತ್ತರಿಸಿ ಉಳಿದ ಚೂರನ್ನು ದಾರದಲ್ಲಿ ಕಟ್ಟಿ ಅವರಿಗೇ ಒಪ್ಪಿಸುತ್ತಿದ್ದಳು. ಬೆರಳಗಲದ ಚೂರಾದರೂ ಸರಿ. ಪಕ್ಕದ ಮನೆಯಾಕೆ ಒರಸುಬಟ್ಟೆಗೆ ಬೇಕೆಂದು ಕೇಳಿದರೆ, ಬಟ್ಟೆಯವರನ್ನು ಕೇಳ್ಕೊಂಡು ಬಾ, ಕೊಡ್ತೀನಿ ಎನ್ನುತ್ತಿದ್ದಳು. ಓಣಿಯವರು ಇವಳ ಹಟ ನೋಡಿ ನಗುತ್ತಿದ್ದರು.

ಬಸ್ ಸ್ಟಾಪಿನಲ್ಲಿ ಕೂತು ಐಸಪ್ಪ ಪೊಟ್ಟಣ ಬಿಚ್ಚಿದ. ಅಂಗಿಯ ಮಡಿಕೆಯೊಳಗೆ ನೀಲಿ ಚೂರುಗಳ ಪುಟ್ಟ ಕಟ್ಟು ಇತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಮೊದಲ ಸಲದ ಕಳ್ಳತನಕ್ಕೆ ಗಾಬರಿ ಎಂಬ ನೆಪವಾದರೂ ಇತ್ತು. ಈ ಹೊತ್ತು ಮಾಡಿದ್ದಕ್ಕೆ ಅದೂ ಇರಲಿಲ್ಲ. ಬಸ್ಸು ಬಂತು, ನಿಂತಿತು, ಹೋಯಿತು. ಐಸಪ್ಪ ಎದ್ದು ವಾಪಸು ನಡೆದ.

ಅಕ್ಕನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದ. ಸೂಜಿಯನ್ನು ಹೇಳಿದ, ಎರಡು ಸಹಿಯನ್ನು ಹೇಳಿದ, ಮೂವತ್ತು ಹೆಜ್ಜೆಯನ್ನೂ ಬಿಡಲಿಲ್ಲ. ಯಂತ್ರದ ಗಾಲಿ ನಿಂತುಹೋಯಿತು.

“ಅಂದ್ರೆ ಅವರು ಪೂರ್ತಿಯಾಗಿ ಹೋಗಿಲ್ಲ.”

“ಇಲ್ಲಕ್ಕ.”

“ನಾನು ಊರಿಗೆಲ್ಲ ಹೇಳ್ಕೊಂಡು ತಿರುಗ್ದೆ. ನೀನು ಪಕ್ಕದಲ್ಲೇ ಕೂತು ಕೇಳ್ತಿದ್ದೆ.”

ಅವನಲ್ಲಿ ಒಂದು ಮಾತು ಉಳಿದಿತ್ತು, ಕೊನೆಗೆ ಬೇಕಾದೀತೆಂದು ಇಟ್ಟುಕೊಂಡದ್ದು. “ಅದರಿಂದ ಜನಕ್ಕೆ ತುಂಬಾ ಉಪಯೋಗ ಆಯ್ತಕ್ಕ. ಆಗ ಮೂರು ದಿನ ಕಾದರೂ ಯಾವ ಜ್ವರ ಅಂತ ಗೊತ್ತಾಗ್ತಿರಲಿಲ್ಲ. ಈಗ ಎರಡು ಗಂಟೇಲಿ ಗೊತ್ತಾಗುತ್ತೆ. ಎಷ್ಟೋ ಜನ ಬದುಕಿದ್ರು.”

ಅಕ್ಕ ಅವನ ಮುಖವನ್ನೇ ನೋಡಿದಳು. “ಇದನ್ನ ಅವತ್ತು ಬಂದು ಹೇಳಿದ್ರೆ ನಾನು ಬೇಡ ಅಂತಿದ್ನಾ?”

ಬೇಡ ಎನ್ನುತ್ತಾಳೆ ಎಂಬ ಭಯಕ್ಕೆ ಕೇಳಲಿಲ್ಲ ಎಂದಾದರೂ ಐಸಪ್ಪ ಇಷ್ಟು ವರ್ಷ ಅಂದುಕೊಂಡಿದ್ದ. ಈಗ ಅದೂ ಕೈತಪ್ಪಿತು. ಅಕ್ಕ ಅವನ ಕೈಯಿಂದ ಆ ಕಾಗದ ತೆಗೆದುಕೊಂಡು ಕತ್ತರಿಯಿಂದ ಉದ್ದಕ್ಕೆ ಎರಡು ಮಾಡಿದಳು.

“ಈ ಸಹಿ ನಾನು ಹಾಕಿದ್ದಲ್ಲ. ನಿನ್ನ ಬೆರಳು ಹಾಕಿದ್ದು. ನಾಳೆ ನಾನೇ ಬರ್ತೀನಿ. ಮೊದಲು ಅವರನ್ನ ನೋಡ್ಬೇಕು.”

ಮರುದಿನ ಹೇಳಿದ ಹಾಗೆ ಪ್ರಯೋಗಾಲಯಕ್ಕೆ ಬಂದಳು. ಐಸಪ್ಪ ದಪ್ಪ ಕೈಗವಸು ಹಾಕಿಕೊಂಡು ಮೂರನೆಯ ಫ್ರೀಜರು ತೆರೆದ. ಬಿಳಿ ಹಬೆ ನೆಲಕ್ಕೆ ಇಳಿಯಿತು. ಕಿರುಬೆರಳಿನ ತುದಿಯಷ್ಟು ಶೀಶೆಯನ್ನು ಚಿಮಟದಲ್ಲಿ ಹಿಡಿದು ತೋರಿಸಿದ. ಈ ಸಲ ಅವನೂ ನೋಡಿದ.

“ಹೆಸರು ಬರೆದಿಲ್ವಾ?”

“ಬರೆಯೋ ಹಾಗಿಲ್ಲಕ್ಕ. ನಂಬರ್ ಮಾತ್ರ.”

“ಎಷ್ಟು ಚಳಿ ಅದರೊಳಗೆ?”

“ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ.”

“ಅಯ್ಯೋ, ಫ್ಯಾನು ಎರಡಕ್ಕೆ ಇಟ್ರೆ ಬೈತಿದ್ರಲ್ಲೋ. ಬೇಸಿಗೇಲೂ ಕಂಬಳಿ ಬಿಟ್ಟವರಲ್ಲ” ಎಂದು ಅಕ್ಕ ನಕ್ಕಳು. ನಗು ಅರ್ಧಕ್ಕೆ ಅಳುವಾಯಿತು. ಐಸಪ್ಪ ಫ್ರೀಜರಿನ ಬಾಗಿಲು ಮುಚ್ಚಿ, ಗವಸಿನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

ಸಮಿತಿಯ ಕೋಣೆಯಲ್ಲಿ ಅಕ್ಕ ಕನ್ನಡಕ ಹಾಕಿಕೊಂಡು ಹೊಸ ಕಾಗದವನ್ನು ಮೊದಲ ಸಾಲಿನಿಂದ ಓದಿದಳು. ದೊಡ್ಡ ಡಾಕ್ಟರು ಗಡಿಯಾರ ನೋಡಿದರು. ಹೆಡ್‌ಮಿಸ್ಟ್ರೆಸ್ ದೊಡ್ಡ ಡಾಕ್ಟರನ್ನು ನೋಡಿದರು. ಇಟ್ಟುಕೊಳ್ಳಬಹುದೇ ಎಂಬಲ್ಲಿ ಅಕ್ಕ ಹೌದು ಎಂದು ಗುರುತು ಹಾಕಿದಳು. ಸಂಶೋಧನೆಗೆ ಬಳಸಬಹುದೇ ಎಂಬಲ್ಲೂ ಹೌದು. ಬೇರೆ ಪ್ರಯೋಗಾಲಯಗಳಿಗೆ ಕೊಡಬಹುದೇ ಎಂಬಲ್ಲಿ ಗುರುತು ಹಾಕದೆ ‘ನನ್ನನ್ನು ಕೇಳಿ ಕೊಡಿ’ ಎಂದು ಬರೆದಳು.

“ಅದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ” ಎಂದರು ದೊಡ್ಡ ಡಾಕ್ಟರು.

“ಇಲ್ದಿದ್ರೆ ಮಾಡ್ಸಿ ಸಾರ್.”

“ಮಾಡಿಸೋಣ” ಎಂದರು ಹೆಡ್‌ಮಿಸ್ಟ್ರೆಸ್, ದೊಡ್ಡ ಡಾಕ್ಟರು ಬಾಯಿ ತೆರೆಯುವ ಮೊದಲೇ.

ಕೊನೆಯಲ್ಲಿ ‘ನನಗೆ ಎಲ್ಲವನ್ನೂ ತಿಳಿಸಿ ಹೇಳಲಾಗಿದೆ’ ಎಂದು ಅಚ್ಚಾಗಿತ್ತು. ಅಕ್ಕ ಅದರ ಪಕ್ಕದಲ್ಲಿ ‘ನಿನ್ನೆ’ ಎಂದು ಸೇರಿಸಿ ಸಹಿ ಹಾಕಿದಳು.

ಐಸಪ್ಪನಿಗೆ ದೊಡ್ಡ ಭಾರ ಇಳಿದಂತಾಯಿತು. ಅಕ್ಕ ಮಾತು ಬಿಡಲಿಲ್ಲ, ಊಟಕ್ಕೆ ಕರೆಯುವುದನ್ನೂ ಬಿಡಲಿಲ್ಲ. ತಪ್ಪು ಹೇಳಿಕೊಂಡೆ, ಅವಳು ಕ್ಷಮಿಸಿದಳು, ಅಲ್ಲಿಗೆ ಮುಗಿಯಿತು ಎಂದು ಒಂದು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದ.

ಆಮೇಲೆ ಒಂದು ಸಂಜೆ ನಲ್ಲಿ ರಿಪೇರಿಯ ಅರ್ಜಿ ಹಿಡಿದು ಅಕ್ಕನ ಮನೆಗೆ ಹೋದ. ಅಂಥ ದೊಡ್ಡ ಕಾಗದವೇನಲ್ಲ, ಎರಡೂ ಬದಿ ಸೇರಿ ಇಪ್ಪತ್ತು ಸಾಲು. ಹೊಲಿಗೆ ಯಂತ್ರದ ಮೇಲೆ ಇಟ್ಟು ಅಭ್ಯಾಸದಂತೆ ಸಹಿಯ ಗೆರೆಯ ಮೇಲೆ ಬೆರಳು ಇಟ್ಟ.

ಅಕ್ಕ ಯಂತ್ರ ನಿಲ್ಲಿಸಿದಳು. ಅವನ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕನ್ನಡಕದ ಡಬ್ಬಿಗೆ ಕೈ ಹಾಕಿದಳು.

“ಕೂತ್ಕೋ. ಓದ್ತೀನಿ, ಸ್ವಲ್ಪ ಹೊತ್ತಾಗುತ್ತೆ” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಐಸಪ್ಪ ಎದುರಿನ ಸ್ಟೂಲಿನ ಮೇಲೆ ಕೂತು, ಅವಳು ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಬರುವುದನ್ನು ನೋಡಿದ.