ಮೂವತ್ತೆಂಟು ಮನೆಗೆ ಒಂದು ವಿಳಾಸ

“ಗಾಜಿನ ಮ್ಯಾಲೆ ಕೈ ಇಡಬ್ಯಾಡಲೇ ಗುತ್ಯಾ. ಈಗಿನ್ನೂ ಒರೆಸಿ ಹೋಗ್ಯಾರೆ.”

ಗುತ್ಯಪ್ಪ ಕೌಂಟರಿನ ಮೇಲಿಂದ ಕೈ ತೆಗೆದ. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಗಾಜಿನ ಮೇಲೆ ಐದು ಬೆರಳಿನ ಗುರುತು ಉಳಿದಿತ್ತು. ಗದ್ದೆ ಉಳುವ ಟಿಲ್ಲರ್ ಮಾರುವ ಶಿಕಾರಿಪುರದ ಆ ಷೋರೂಮಿನ ಯಜಮಾನ ಚನ್ನೇಶ್ ಅವನ ಮುಖ ನೋಡಲಿಲ್ಲ. ಆ ಗುರುತನ್ನೇ ನೋಡುತ್ತ ಮಾತಾಡಿದ.

“ಏನು, ಬೇಗ ಹೇಳು.”

“ಅದೇ ಸಾವ್ಕಾರ್ರೆ, ಗೇರ್‌ಬಾಕ್ಸು. ಮುಂದಕ್ ಹಾಕಿದ್ರೆ ಗಾಡಿ ಹಿಂದಕ್ ಬರ್ತೈತೆ. ನಮ್ಮ ತಮ್ಮನ ಮಗ ವೀರೇಶಂದು ಹಿಂಗೇ ಆಗಿ ಕಾಲೇ ಹೋತು, ಮೊಣಕಾಲಿನ ತಂಕ ಕುಯ್ದಾರೆ. ಈಗ ನಂದೂ ಹಂಗೇ ಆಡ್ತೈತೆ. ಪುಗಸಟ್ಟೆ ಬದಲಾಯಿಸಿ ಕೊಡ್ತಾರೆ ಅಂತ ಸಂತೇಲಿ ಯಾರೋ ಅಂದ್ರು. ಸೊರಬದ ಬ್ರಾಂಚಿಗೆ ಹೋದ್ರೆ ಶಿಕಾರಿಪುರಕ್ ಹೋಗು ಅಂದ್ರು.”

“ಜೂನ್ ತಿಂಗಳಾಗೇ ನೋಟಿಸ್ ಕಳಿಸೀವಿ. ಐದು ತಿಂಗಳು ಬಿದ್ಕೊಂಡಿದ್ದು ಈಗ ಎದ್ದು ಬಂದಿಯೇನು?”

“ನೋಟೀಸು ಬರ್ಲಿಲ್ಲ ಸಾವ್ಕಾರ್ರೆ. ನಂಗೊಬ್ಬಂಗಲ್ಲ, ಕೇರೀಲಿ ಯಾರ್ಗೂ ಬರ್ಲಿಲ್ಲ.”

“ಬ್ರಾಂದಿ ಅಂಗಡಿ ಬಾಗಿಲು ತೆಗೆದ ಸುದ್ದಿ ಮುಟ್ಟತೈತಿ ನಿಮಗೆ, ನೋಟಿಸ್ ಮುಟ್ಟಂಗಿಲ್ಲ. ಬೋಳಿಮಕ್ಕಳು.”

ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವ ಯತೀಶ ನಕ್ಕ. ಬಿಲ್ಲು ಬರೆಯುವ ನೀಲಾಂಬಿಕ ನಗಲಿಲ್ಲ, ಬಿಲ್ಲು ನಿಲ್ಲಿಸಲೂ ಇಲ್ಲ.

ಗುತ್ಯಪ್ಪ ಮೂಲೆಯ ಕಂಪ್ಯೂಟರಿನ ಕಡೆ ಅರ್ಧ ತಿರುಗಿದ. “ಈ ಮೇಡಮ್ಮೋರ್ನ ಒಂದ್ಸಲ ಕೇಳ್ಲಾ? ಅದ್ರಲ್ಲಿ ಇರ್ಬೋದು.”

ಕಂಪ್ಯೂಟರಿನ ಮುಂದೆ ಕುಳಿತಿದ್ದವಳು ಸುಮಾ, ಗುತ್ಯಪ್ಪನ ಮಗಳು. ಆ ಕೋಣೆಯಲ್ಲಿದ್ದ ಐವರಲ್ಲಿ ಇದು ಇಬ್ಬರಿಗೆ ಮಾತ್ರ ಗೊತ್ತಿತ್ತು.

“ಹೆಸರೇನು?” ಎಂದು ಕೇಳಿದಳು.

“ಗುತ್ಯಪ್ಪ ರೀ. ಉಳವಿ ಹತ್ರ.”

ಅವಳು ಟೈಪ್ ಮಾಡಿದಳು. ಹೆಸರಿನ ಮುಂದೆ ಹಸಿರು ಗುರುತಿತ್ತು. “ಮುಟ್ಟಿದೆ ಅಂತ ತೋರಿಸ್ತಿದೆ. ಜೂನ್ ಹನ್ನೊಂದಕ್ಕೆ.”

ಯಜಮಾನನ ಎದುರು ವಾದಿಸಿದ್ದ ಗುತ್ಯಪ್ಪ ಈಗ ವಾದಿಸಲಿಲ್ಲ. “ಹಂಗಾರೆ ಮುಟ್ಟಿರ್ಬೇಕು ಬಿಡ್ರವ್ವ,” ಎಂದು ಹೊರಗಿನ ಮೆಟ್ಟಿಲ ಮೇಲೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

“ಸುಮಾ, ಆ ಗಾಜು ಒಂದಿಷ್ಟು ಒರೆಸ್ರಿ,” ಎಂದ ಚನ್ನೇಶ್.

ನೀಲಾಂಬಿಕ ಬಟ್ಟೆ ಎಸೆದಳು. ಸುಮಾ ಒರೆಸಿದಳು.

ಅವಳು ಅಲ್ಲಿ ಸೇರಿ ಮೂರು ವರ್ಷವಾಗಿತ್ತು. ಸೇರಿದ ವಾರದಲ್ಲೇ ಊಟದ ಹೊತ್ತಿಗೆ ನೀಲಾಂಬಿಕ, “ನೀವು ಯಾವ ಪೈಕಿ?” ಎಂದು ಕೇಳಿದ್ದಳು. ಸುಮಾ, “ಉಳವಿ ಕಡೆ,” ಎಂದಿದ್ದಳು. ಕೇಳಿದ್ದು ಜಾತಿ, ಹೇಳಿದ್ದು ಊರು. ಉಳಿದದ್ದನ್ನು ನೀಲಾಂಬಿಕ ತಾನೇ ತುಂಬಿಕೊಂಡು ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟಳು. ಆಮೇಲೆ ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. ಸುಮ್ಮನಿದ್ದರೆ ಸಾಕಾಗುತ್ತಿತ್ತು. ತನ್ನ ಹೆಸರಿನ ಜೊತೆಗಿದ್ದ ಗುತ್ಯಪ್ಪ ಎಂಬ ಅಪ್ಪನ ಹೆಸರೂ ತೊಡಕಾಗಲಿಲ್ಲ. ಚಂದ್ರಗುತ್ತಿಯ ಸುತ್ತ ಎಲ್ಲ ಜಾತಿಯವರೂ ಆ ಹೆಸರು ಇಡುತ್ತಾರೆ.

ದಾರಿ ತೋರಿಸಿದವನು ಅಪ್ಪನೇ. “ಅಂಗಡಿಗೆ ಬಂದ್ರೆ ನಾ ನಿನ್ ಗುರ್ತು ಹಿಡಿಯಲ್ಲ. ನೀನೂ ಹಿಡೀಬ್ಯಾಡ. ಕೆಲ್ಸ ಉಳೀಲಿ,” ಎಂದಿದ್ದ. ಅವಳು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅಪ್ಪ ಆ ಮಾತು ಹೇಳಿದಾಗ ತನಗೆ ಸಮಾಧಾನವಾಗಿತ್ತು ಎಂಬುದು ಅವಳು ಯಾರಿಗೂ ಹೇಳಲಾಗದ ಸಂಗತಿ.

ಊಟವಾದ ಮೇಲೆ ಅವಳು ವಾರದಿಂದ ಹಿಡಿದಿದ್ದ ಕೆಲಸಕ್ಕೆ ಕುಳಿತಳು. ಗಿರಾಕಿಗಳ ಹೆಸರು, ಊರು, ಯಂತ್ರದ ನಂಬರು, ಇಮೇಲ್ ವಿಳಾಸ ಎಲ್ಲವೂ ಹಳೆಯ ಮಾರಾಟದ ಸಾಫ್ಟ್‌ವೇರಿನಲ್ಲಿದ್ದವು. ಚನ್ನೇಶ್ ಈಗ ಇಮೇಲ್ ಕಳಿಸುವುದಕ್ಕೆಂದೇ ಇರುವ ಹೊಸ ಸಾಫ್ಟ್‌ವೇರ್ ತಂದಿದ್ದ. ಪತ್ರ ಮುಟ್ಟಿತೇ ಎಂಬುದನ್ನಷ್ಟೇ ಅಲ್ಲ, ಅದನ್ನು ತೆರೆದವರು ಯಾರು, ತೆರೆಯದವರು ಯಾರು ಎಂಬುದನ್ನೂ ಅದು ಹೇಳುತ್ತಿತ್ತು. ಹಳೆಯದರಿಂದ ಹೊಸದಕ್ಕೆ ಪಟ್ಟಿಯನ್ನು ದಾಟಿಸಬೇಕು. ಕಾಲಂಗೆ ಕಾಲಂ ಹೊಂದಿಸಬೇಕು. ಒಟ್ಟು ನಾಲ್ಕು ಸಾವಿರದ ಮುನ್ನೂರ ಹದಿನಾರು ಸಾಲುಗಳಿದ್ದವು.

ನಾಲ್ಕು ಸಾವಿರದ ಇನ್ನೂರ ಎಪ್ಪತ್ತೊಂಬತ್ತು ದಾಟಿದವು. ಮೂವತ್ತೇಳು ಕೆಂಪಗಾಗಿ ನಿಂತವು.

ಕಾರಣ ಕೆಳಗೆ ಬರೆದಿತ್ತು. ಹೊಸ ಸಾಫ್ಟ್‌ವೇರಿಗೆ ಒಂದು ವಿಳಾಸವೆಂದರೆ ಒಬ್ಬ ಮನುಷ್ಯ. ಮೂವತ್ತೆಂಟು ಗಿರಾಕಿಗಳಿಗೆ ಒಂದೇ ವಿಳಾಸವಿತ್ತು. ಅವರನ್ನೆಲ್ಲ ಅದು ಒಬ್ಬನನ್ನಾಗಿ ಮಾಡಿ, ಕೊನೆಯ ಸಾಲಿನಲ್ಲಿದ್ದ ವೀರೇಶನ ಹೆಸರು ಉಳಿಸಿಕೊಂಡು, ಮಿಕ್ಕವರನ್ನು ಹೊರಗೆ ನಿಲ್ಲಿಸಿತ್ತು.

ಸುಮಾ ವಿಳಾಸ ಓದಿದಳು. ಅದು ಅವಳದೇ. ತನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ಇಸವಿ ಸೇರಿಸಿ ಕಾಲೇಜಿನ ದಿನಗಳಲ್ಲಿ ಸ್ಕಾಲರ್‌ಶಿಪ್ ಅರ್ಜಿಗೆಂದು ಮಾಡಿಕೊಂಡದ್ದು.

ನಾಲ್ಕು ವರ್ಷದ ಹಿಂದೆ ಸರ್ಕಾರದ ಯೋಜನೆಯಲ್ಲಿ ಕೇರಿಗಳಿಗೆ ಟಿಲ್ಲರ್ ಬಂದಾಗ ಈ ಷೋರೂಮಿನ ಒಬ್ಬ ಸೇಲ್ಸ್‌ಮನ್ ಸಮುದಾಯ ಭವನದ ಕಟ್ಟೆಯ ಮೇಲೆ ಕುಳಿತು ಹೆಸರು ಬರೆದುಕೊಂಡಿದ್ದ. ಅವನು ಆಮೇಲೆ ಕೆಲಸ ಬಿಟ್ಟ. “ಇಮೇಲ್ ಹಾಕದಿದ್ರೆ ಕಂಪ್ಯೂಟರ್ ಮುಂದಕ್ ಹೋಗಲ್ಲ, ಯಾರಿಗೈತಿ?” ಎಂದು ಅವನು ಕೇಳಿದಾಗ ಚಿಕ್ಕವ್ವ ಶೇಷಮ್ಮ ಎಲ್ಲರಿಗಿಂತ ಮುಂದೆ ಬಂದು, “ನಮ್ಮ ಸುಮೀದು ಐತೆ, ಎಲ್ಲಾರ್ಗೂ ಅದೇ ಹಾಕ್ಕೊಳಿ. ಏನಾರ ಬಂದ್ರೆ ಓದಿ ಹೇಳ್ತಾಳೆ,” ಎಂದಿದ್ದಳು. ಸುಮಾ ಅವನ ಪುಸ್ತಕದಲ್ಲಿ ಚೆಂದದ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು.

ಕೆಲಸಕ್ಕೆ ಸೇರಿದ ಮೇಲೆ ಅವಳು ಬೇರೆ ವಿಳಾಸ ಮಾಡಿಕೊಂಡಳು. ಹಳೆಯದನ್ನು ಫೋನಿನಿಂದ ತೆಗೆದುಹಾಕಿದಳು. ಮೇಜಿನ ಮೇಲಿಟ್ಟ ಫೋನಿನಲ್ಲಿ ಪರಿಶಿಷ್ಟರ ಸ್ಕಾಲರ್‌ಶಿಪ್ಪಿನ ಪತ್ರಗಳು ಮೂಡುತ್ತಿದ್ದವು, ಅದಕ್ಕೆ.

“ಏನ್ರಿ ಅದು ಕೆಂಪಗೆ?” ಚನ್ನೇಶ್ ಹಿಂದೆ ಬಂದು ನಿಂತಿದ್ದ.

“ಮೂವತ್ತೆಂಟು ಜನಕ್ಕೆ ಒಂದೇ ಇಮೇಲ್ ಇದೆ ಸಾರ್. ತಗೋತಿಲ್ಲ.”

ಅವನು ಬಗ್ಗಿ ಓದಿದ. “ಸುಮಾ ಗುತ್ಯಪ್ಪ. ನಿಮ್ಮ ಹೆಸರೇ ಐತಲ್ರಿ ಇದು.”

“ಮೂವತ್ತೆಂಟು ಟಿಲ್ಲರ್ ಇಟ್ಕೊಂಡಾಳೆ ನೋಡ್ರಿ ಸಾರ್, ನನಗೂ ಹೇಳಿಲ್ಲ,” ಎಂದಳು ನೀಲಾಂಬಿಕ. ಎಲ್ಲರೂ ನಕ್ಕರು. ಸುಮಾಳೂ ನಕ್ಕಳು.

“ಬೇರೆ ಯಾರೋ ಸಾರ್. ಆ ಕಡೆ ಆ ಹೆಸರಿನೋರು ಬಾಳ ಜನ ಇದ್ದಾರೆ.”

“ಇವೆಲ್ಲ ಸ್ಕೀಮಿನ ಗಿರಾಕಿ. ಮೂವತ್ತೇಳು ತೆಗೆದುಬಿಡ್ರಿ, ಒಂದಿದ್ರೆ ಸಾಕು. ಎಲ್ಲಾ ಒಂದೇ ಜನ, ಸಾಫ್ಟ್‌ವೇರಿಗೂ ಗೊತ್ತಾಗೈತಿ,” ಎಂದು ಚನ್ನೇಶ್ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಮುಖ ಗಂಟು ಮಾಡಿಕೊಂಡು, “ಇವತ್ತು ಇಪ್ಪತ್ತೆಂಟು. ನಾಡಿದ್ದು ಕಂಪನಿ ಕೊಟ್ಟ ಅವಧಿ ಮುಗೀತೈತಿ. ನೋಟಿಸ್ ಮುಟ್ಟೈತಿ, ಗಿರಾಕಿಗಳು ಬರಲಿಲ್ಲ ಅಂತ ಷರಾ ಬರೆದು ಸಹಿ ಹಾಕಿಡ್ರಿ. ಉಳಿದ ಗೇರ್‌ಬಾಕ್ಸು ನಮ್ಮ ಮಂದಿಗೆ ಆಗ್ತಾವೆ,” ಎಂದು ಹೇಳಿ ಯತೀಶನನ್ನು ಕರೆದುಕೊಂಡು ಗೋಡೌನಿಗೆ ಹೋದ.

ಸುಮಾ ತನ್ನ ಹಳೆಯ ಇಮೇಲ್ ಪೆಟ್ಟಿಗೆ ತೆರೆದಳು. ಪಾಸ್‌ವರ್ಡ್ ಬೆರಳಿಗೆ ನೆನಪಿತ್ತು.

ಜೂನ್ ಹನ್ನೊಂದು, ಮಧ್ಯಾಹ್ನ ಹನ್ನೆರಡು ನಲವತ್ತು. ಒಂದೇ ನಿಮಿಷದಲ್ಲಿ ಬಂದ ಮೂವತ್ತೆಂಟು ಪತ್ರಗಳು, ಒಂದೊಂದಕ್ಕೂ ಒಂದೊಂದು ಹೆಸರು. ಜುಲೈಯಲ್ಲಿ ಜ್ಞಾಪನೆಯ ಮೂವತ್ತೆಂಟು, ಸೆಪ್ಟೆಂಬರಿನಲ್ಲಿ ಮತ್ತೆ ಮೂವತ್ತೆಂಟು. ಒಟ್ಟು ನೂರ ಹದಿನಾಲ್ಕು, ಒಂದನ್ನೂ ಯಾರೂ ತೆರೆದಿರಲಿಲ್ಲ. ಮೂರು ಸಲವೂ ಕಳಿಸುವ ಗುಂಡಿ ಒತ್ತಿದವಳು ಅವಳೇ. ಕಂಪನಿಯಿಂದ ಬಂದ ಇಂಗ್ಲಿಷ್ ಪತ್ರವನ್ನು ಅವಳು ಓದಿರಲಿಲ್ಲ, ಕಳಿಸುವುದಷ್ಟೇ ಕೆಲಸವಾಗಿತ್ತು. ಹೆಸರುಗಳ ಮುಂದೆ ಹಸಿರು ಗುರುತು ಬಿದ್ದಾಗ ಎದ್ದು ಊಟಕ್ಕೆ ಹೋಗಿದ್ದಳು.

ಈಗ ಓದಿದಳು. ಈ ಲಾಟಿನ ಯಂತ್ರಗಳಲ್ಲಿ ಗೇರು ಜಾರಿ ಯಂತ್ರ ಹಠಾತ್ತನೆ ಹಿಂದಕ್ಕೆ ಚಲಿಸಬಹುದು. ಗೇರ್‌ಬಾಕ್ಸನ್ನು ಉಚಿತವಾಗಿ ಬದಲಾಯಿಸಲಾಗುವುದು. ಅಲ್ಲಿಯವರೆಗೆ ಯಂತ್ರವನ್ನು ಬಳಸಬೇಡಿ.

ಆ ಲಾಟಿನಲ್ಲಿ ಮಾರಿದ ಯಂತ್ರಗಳು ಇನ್ನೂರ ಹನ್ನೆರಡು. ಬದಲಾದವು ನೂರ ಎಪ್ಪತ್ತನಾಲ್ಕು. ಕಳೆದರೆ ಮೂವತ್ತೆಂಟು. ಪತ್ರ ನೋಡದವರು ಬೇರೆಯವರಲ್ಲೂ ಇದ್ದರು. ಬೇಕಾದವರಿಗೆ ಚನ್ನೇಶ್ ಫೋನ್ ಮಾಡಿ ಕರೆಸಿದ್ದ. ಗೇರ್‌ಬಾಕ್ಸುಗಳು ಬದಲಾಗುತ್ತಿರುವುದು ಸುಮಾಳಿಗೂ ಗೊತ್ತಿತ್ತು. ಕೇರಿಯವುಗಳು ಸೊರಬದಲ್ಲಿ ಬದಲಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಕೇಳಿರಲಿಲ್ಲ. ಕೇಳಿದರೆ, ಅಲ್ಲಿ ನಿಮಗೆ ಯಾರಿದ್ದಾರೆ ಎಂಬ ಪ್ರಶ್ನೆ ಬರುತ್ತಿತ್ತು. ವೀರೇಶನ ಕಾಲು ಹೋದ ಸುದ್ದಿ ಬಂದಾಗಲೂ ರಜೆ ಹಾಕಿರಲಿಲ್ಲ, ಅದೇ ಪ್ರಶ್ನೆಗೆ ಹೆದರಿ.

ಪತ್ರದ ಕೆಳಗೆ ‘ಬದಲಾವಣೆ ಬೇಕು’ ಎಂಬ ಗುಂಡಿಯಿತ್ತು. ಒತ್ತಿದರೆ ಉತ್ತರ ನೇರವಾಗಿ ಕಂಪನಿಗೆ ಹೋಗುತ್ತಿತ್ತು. ನೋಂದಾಯಿಸಿದ ವಿಳಾಸದಿಂದ ಬಂದ ಉತ್ತರ ಗಿರಾಕಿಯದೇ ಉತ್ತರವೆಂದು ಅಲ್ಲೇ ಬರೆದಿತ್ತು. ಯಂತ್ರದ ನಂಬರು ಕೇಳುತ್ತಿತ್ತು. ಅದು ಅವಳ ಎದುರಿನ ಪಟ್ಟಿಯಲ್ಲೇ ಇತ್ತು. ಅವಳು ಮೂವತ್ತೆಂಟು ಸಲ ಒತ್ತಿದಳು. ಮೂವತ್ತೆಂಟು ರಸೀದಿ ಬಂದವು. ಎಲ್ಲವನ್ನೂ ಪ್ರಿಂಟ್ ತೆಗೆದು ಬ್ಯಾಗಿನಲ್ಲಿಟ್ಟುಕೊಂಡಳು.

ನಾಲ್ಕೂವರೆಗೆ ಕಂಪನಿಯವರು ಚನ್ನೇಶನಿಗೆ ಫೋನ್ ಮಾಡಿದರು. ಅವನು ಗೋಡೌನಿನಿಂದಲೇ ಕೂಗುತ್ತ ಬಂದ.

“ಯಾವ ಸೂಳೆಮಗ ಮಾಡಿದ್ದು ಇದನ್ನ? ಒಂದೇ ಸಲಕ್ಕೆ ಮೂವತ್ತೆಂಟು ಹೆಂಗ್ ಬರ್ತಾವೆ?”

“ನಾನು ಸಾರ್,” ಎಂದಳು ಸುಮಾ. “ಆ ವಿಳಾಸ ನಂದು. ಬೆಳಿಗ್ಗೆ ಬಂದಿದ್ದೋರು ನಮ್ಮಪ್ಪ.”

ಈಗ ಯಾರೂ ನಗಲಿಲ್ಲ. ನೀಲಾಂಬಿಕ ಮೇಜಿನ ಮೇಲಿದ್ದ ತನ್ನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಯಾಕೆ ಎಳೆದುಕೊಂಡೆನೆಂದು ಅವಳಿಗೇ ತಿಳಿದಂತೆ ಕಾಣಲಿಲ್ಲ.

“ಮೂರು ವರ್ಷ ನಮ್ಮ ಜೊತೆ ಕುಂತು ಉಂಡೆಯಲ್ಲೇ,” ಎಂದ ಚನ್ನೇಶ್. ದನಿ ಏರಲಿಲ್ಲ, ‘ರೀ’ ಮಾತ್ರ ಹೋಗಿತ್ತು. “ಹೇಳಾಕೆ ಬಾಯಿರಲಿಲ್ಲೇನು? ನಡಿ ಹೊರಗೆ.”

ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಅವಳು ಎಣಿಸಿದ್ದಳು. ಆಗಲಿಲ್ಲ.

ಮರುದಿನ ಬೆಳಿಗ್ಗೆ ಶಿಕಾರಿಪುರದ ತನ್ನ ಬಾಡಿಗೆ ಕೋಣೆಯಿಂದ ಹೊರಟು, ಸೊರಬದಲ್ಲಿ ಬಸ್ಸು ಬದಲಿಸಿ ಉಳವಿಗೆ ಇಳಿದು ಕೇರಿಗೆ ನಡೆದಳು. ಸಮುದಾಯ ಭವನದ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಹೆಸರು ಓದಿ ರಸೀದಿ ಕೊಟ್ಟಳು. ಜನ ಕೈ ಒರೆಸಿಕೊಂಡು ತೆಗೆದುಕೊಂಡರು. ಬಾಡಿಗೆ ಗಾಡಿ ಯಾರದ್ದು ಮಾಡುವುದು, ಒಂದು ಸಲಕ್ಕೆ ಎಷ್ಟು ಟಿಲ್ಲರ್ ಏರಿಸಬಹುದು ಎಂದು ಗಂಡಸರು ಲೆಕ್ಕ ಹಾಕತೊಡಗಿದರು.

“ವೀರೇಶ,” ಎಂದು ಓದಿದಳು.

ವೀರೇಶ ಎದುರು ಮನೆಯ ಜಗುಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಪ್ಯಾಂಟಿನ ಬಲಗಾಲನ್ನು ಮಡಚಿ ಪಿನ್ನು ಹಾಕಿತ್ತು. “ನಂಗೂ ಬಂತಾ ಅಕ್ಕ? ಗೇರ್‌ಬಾಕ್ಸು ಸೈ. ಕಾಲು ಯಾವ ತಾರೀಕಿಗೆ ಬದಲಾಯಿಸ್ತಾರಂತೆ?”

ಒಂದಿಬ್ಬರು ನಕ್ಕು ನಿಲ್ಲಿಸಿದರು. ಅವನ ತಾಯಿ ಶೇಷಮ್ಮ ಬಂದು ರಸೀದಿ ತೆಗೆದುಕೊಂಡಳು. ಓದಲು ಬಾರದ ಅವಳು ಅದರ ಎರಡೂ ಮಗ್ಗುಲು ನೋಡಿದಳು.

“ಸುಮಿ, ಆ ನೋಟೀಸು ಅಂತಾರಲ್ಲ. ಅದು ಯಾವತ್ತು ಬಂದಿತ್ತು ನಿನ್ ತಾವ?”

ಗುತ್ಯಪ್ಪ ಮಗಳ ಮುಖ ನೋಡಿದ. ನೋಡಿ, ಅವಳು ಬಾಯಿ ತೆರೆಯುವ ಮೊದಲೇ ಅಂದ: “ಮೊನ್ನೆ ಬಂತಂತೆ ಕಣೆ ಶೇಷಿ. ಬಂದ ಕೂಡ್ಲೇ ತಂದಾಳೆ. ಒಳಗ್ ನಡಿ ಮಗಾ, ಚಾ ಕುಡಿ.”

“ಅಲ್ಲ ಅಪ್ಪ,” ಎಂದಳು ಸುಮಾ. “ಮೊನ್ನೆ ಅಲ್ಲ ಚಿಕ್ಕವ್ವ. ಜೂನ್ ಹನ್ನೊಂದು. ನಾನೇ ತೆಗೆದು ನೋಡಿರ್ಲಿಲ್ಲ.”

“ನಂಗೆ ಜೂನು ಗೀನು ತಿಳಿಯಾಕಿಲ್ಲ. ಯಾವ ಮಳೆ?”

“ಮಿರಗದ ಮಳೆ. ಹುಟ್ಟಿ ನಾಲ್ಕನೇ ದಿನ.”

ಜಗುಲಿಯ ಮೇಲೆ ವೀರೇಶ ತನ್ನ ಪಿನ್ನನ್ನು ತೆಗೆದು ಮತ್ತೆ ಹಾಕಿದ.

“ಇವನ ಕಾಲು ಹೋಗಿದ್ದು ಅದ್ರ ಮುಂದಿನ ಆರಿದ್ರಾ ಮಳೇಲಿ,” ಎಂದಳು ಶೇಷಮ್ಮ. “ಎಂಟನೇ ದಿನ.”

ನಡುವಿನ ದಿನಗಳು ಎಷ್ಟೆಂದು ಸುಮಾಳಿಗೆ ಗೊತ್ತಿತ್ತು. ಶೇಷಮ್ಮ ರಸೀದಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಲಗೈಯ ಹೆಬ್ಬೆರಳನ್ನು ಕಿರುಬೆರಳ ಬುಡದ ಗೆಣ್ಣಿನ ಮೇಲಿಟ್ಟು ಎಣಿಸತೊಡಗಿದಳು. ಅವಳಿಗೆ ಅವಸರವಿರಲಿಲ್ಲ. ಒಂದೊಂದು ಗೆಣ್ಣಿಗೂ ನಿಂತು, ಆ ದಿನ ಮಗ ಏನು ಮಾಡುತ್ತಿದ್ದನೆಂದು ನೆನೆಯುವವಳಂತೆ ಕಣ್ಣು ಮುಚ್ಚಿ ತೆರೆದು ಮುಂದಕ್ಕೆ ಹೋದಳು.

ಹನ್ನೆರಡಕ್ಕೆ ಒಂದು ಕೈ ಮುಗಿಯಿತು. ಶೇಷಮ್ಮ ಇನ್ನೊಂದು ಕೈ ತೆರೆದಳು.